ಬದಿ ಬದಲು

ಬರಬೇಡ ಅಂದಿದ್ದಳು ದೇಚು.
ಹೋದ ಸಲ ಅಮ್ಮತ್ತಿಯಲ್ಲಿ ಅಂಪೈರಿಗೆ ನಾನಂದದ್ದು
ಇನ್ನೂ ಅವಳ ಕಿವಿಯಲ್ಲಿದೆ.

ಪೊನ್ನಂಪೇಟೆ ಮೈದಾನದ ಹಿಂದೆ
ಕಾಫಿ ಮೂಟೆ ಹೇರಿದ ಜೀಪು ನಿಲ್ಲಿಸಿ
ಗೋಡೆಯ ಬಿರುಕಿಗೆ ಕಣ್ಣಿಟ್ಟೆ.
ಕಂಡದ್ದು ಒಂದೇ ಗೋಲುಕಂಬ,
ಪ್ಯಾಡು ಕಟ್ಟಿದ ಅವಳ ಬೆನ್ನು.

ಅರ್ಧ ಮುಗಿಯಿತು, ಬದಿ ಬದಲಾಯಿತು.
ಈಗ ಅಲ್ಲಿ ಯಾರದೋ ಮಗಳು.
ಚೆಂಡೊಂದು ಕಾಲಡಿ ನುಸುಳಿತು.
ಹೆಲ್ಮೆಟ್ ಎತ್ತಿ ಸುತ್ತ ಹುಡುಕಿದಳು.
ಅವಳ ಕಡೆಯವರು ಯಾರೂ ಬಂದಂತಿಲ್ಲ.

ಮುಂದಿನದನ್ನು ಮೈಚೆಲ್ಲಿ ತಡೆದಳು ನೋಡಿ,
ಕೈ ಕೇಳದೆ ಹಾರ್ನ್ ಒತ್ತಿತು. ಎರಡು ಸಲ.

ಸಂಜೆ ಏನೂ ಅರಿಯದವನಂತೆ
"ಏನಾಯ್ತು ಮ್ಯಾಚು?" ಅಂದೆ.
ಶೂಸಿನ ಮಣ್ಣು ಕೆರೆಯುತ್ತಿದ್ದವಳು ತಲೆಯೆತ್ತಲಿಲ್ಲ.
"ನಮ್ಮ ಜೀಪಿನ ದನಿ ನಂಗೊತ್ತಿಲ್ವಾ ಅಪ್ಪ?
ಅದಿರಲಿ,
ನೀನು ಯಾರ ಕಡೆ?"