ಒಂದು ನೂಲು ಗಿಡ್ಡ

ಗುಜರಿಯ ದಸ್ತಗೀರ್ ತಕ್ಕಡಿಗೆ ಹಾಕಿ ನಕ್ಕ:
ಇದಕ್ಕೆ ತೂಕವೇ ಇಲ್ಲ ಸಾರ್, ಇನ್ನೂರು ಕೊಡಿ.
ಬಗಲಲ್ಲಿಟ್ಟು ಗೋಪಿ ಸರ್ಕಲ್ ದಾಟುವಾಗ
ಅದರ ಹೊಟ್ಟೆಯೊಳಗೆ ಏನೋ ಉರುಳಿತು,
ಒಣ ಹುಣಸೆಕಾಯಲ್ಲಿ ಬೀಜ ಆಡಿದ ಹಾಗೆ.

ನನಗೆ ಪಿಟೀಲು ಬಾರದು. ದುರ್ಗಿಗುಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ಹಲ್ಲು ಕಟ್ಟುತ್ತೇನೆ,
ಡಾಕ್ಟರಲ್ಲ, ಅವರ ಹಿಂದಿನ ಕೋಣೆಯವನು.
ಅರ ಇದೆ, ಮೇಣ ಇದೆ, ಕೂದಲೆಳೆಯಷ್ಟು ಉಜ್ಜುವ ತಾಳ್ಮೆ ಇದೆ,
ಉಳಿದದ್ದು ಮರವೇ ಹೇಳಿಕೊಡುತ್ತದೆ ಎಂದುಕೊಂಡೆ.
ಮರ ಹೇಳಲಿಲ್ಲ.

ಸೀಳಿಗೆ ಫೆವಿಕಾಲ್ ಹಚ್ಚಹೋದವನನ್ನು
ಕಾಳಿಂಗಾಚಾರಿ ಗದರಿದರು: ಮರವಜ್ರ ಕಾಯಿಸು,
ನಾಳೆ ಬಿಚ್ಚುವವನ ಕೈಗೂ ಅಂಟು ಬಿಟ್ಟುಕೊಡಬೇಕು.
ಹಾಲಿನ ಪಾತ್ರೆಯಲ್ಲಿ ಕಾಯಿಸಿದೆ. ಚರ್ಮ ಬೆಂದ ನಾತಕ್ಕೆ
ಸುಗಂಧಿ ಎರಡು ದಿನ ಮಾತು ಬಿಟ್ಟಳು,
ಪಾತ್ರೆಯನ್ನಂತೂ ಪೂರ್ತಿ ಬಿಟ್ಟಳು.

ಒಳಗೆ ಉರುಳುತ್ತಿದ್ದದ್ದು ಒಂದು ಕಡ್ಡಿ, ಕಿರುಬೆರಳಿಗಿಂತ ಸಣ್ಣದು,
ಎದೆಗೂ ಬೆನ್ನಿಗೂ ನಡುವೆ ಬರೀ ಒತ್ತಡದಲ್ಲಿ ನಿಲ್ಲಬೇಕಾದ್ದು.
ಅಂಟಿಲ್ಲ, ಮೊಳೆಯಿಲ್ಲ.
ಬಾಗಿಸಿದ ತಂತಿಗೆ ಚುಚ್ಚಿ ಒಳಗೆ ಕಳಿಸಿದೆ, ಬಿತ್ತು.
ಹದಿನೇಳು ಸಲ ಬಿತ್ತು.
ಬಾಯಿಗೆ ಹಾಕುವ ಪುಟ್ಟ ಕನ್ನಡಿ ತೂರಿಸಿ
ಟಾರ್ಚ್ ಬಿಟ್ಟು ನೋಡಿದರೆ, ಮೇಲ್ಹಲಗೆಯ ಅಂಗುಳಲ್ಲಿ
ಪೆನ್ಸಿಲ್ ಅಕ್ಷರ. ಎಲ್ಲ ಎಡಬಲ ಅದಲುಬದಲು.

ಕೊಡಿ ಇಲ್ಲಿ, ಅಂದಳು ಮಾತು ಬಿಟ್ಟವಳು.
ಹನ್ನೆರಡು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವಳು,
ಉಲ್ಟಾ ಕನ್ನಡವೇ ಅವಳಿಗೆ ನೆಟ್ಟಗೆ.
ಒಂದು ಕಣ್ಣು ಮುಚ್ಚಿ, ಅಕ್ಕಿ ಆರಿಸುವ ಹಾಗೆ ಓದಿದಳು:
'ಕಡ್ಡಿ ಒಂದು ನೂಲು ಗಿಡ್ಡ. ಗೊತ್ತಿದ್ದೇ ಮುಚ್ಚಿದೆ.
ನಾಳೆ ಮದುವೆ. ಭದ್ರಾವತಿ, ೧೯೬೪.'

ಯಾರ ಮದುವೆ? ನುಡಿಸುವವನದೋ, ಇವನದೇನೋ?
ಹೆಸರಿಲ್ಲ. ಸುಗಂಧಿ ಇನ್ನೊಮ್ಮೆ ಹುಡುಕಿದಳು.
ಅಚ್ಚಿನ ತಪ್ಪು ಹುಡುಕುವ ಅದೇ ಮುಖ.

ಸೇಬಿನ ಪೆಟ್ಟಿಗೆಯ ಪಟ್ಟಿ ಸೀಳಿ ಹೊಸ ಕಡ್ಡಿ ಕೆತ್ತಿದೆ,
ಒಂದು ನೂಲು ಹೆಚ್ಚಿಟ್ಟು, ಆಮೇಲೆ ಹಲ್ಲಿನ ಅರದಲ್ಲಿ ಉಜ್ಜಿ ಉಜ್ಜಿ.
ರಾತ್ರಿ ಹನ್ನೊಂದಕ್ಕೆ ನಿಂತಿತು.
ಉಸಿರು ಬಿಡಲೂ ಹೆದರಿಕೆ.
ತಂತಿ ಬಿಗಿದು ಕಮಾನು ಎಳೆದೆ.
ಹಲ್ಲು ಕಡಿದ ಹಾಗಿದೆ, ಅಂದಳು.
ಹೊಸ ಸೆಟ್ಟು ಮೊದಮೊದಲು ಹಾಗೇ ಕಣೇ,
ಎಂಟು ದಿನ ಹಾಕಿಕೊಂಡು ನೋಡಿ ಬನ್ನಿ ಅನ್ನುತ್ತೇವೆ.

ಹಳೆಯದನ್ನು ಅಲ್ಲಾಡಿಸಿ ಹೊರತೆಗೆದಿದ್ದೆ.
ಈಗ ಸಾಸಿವೆ ಡಬ್ಬಿಯ ಪಕ್ಕ ನಿಂತಿದೆ, ಯಾವ ಒತ್ತಡವೂ ಇಲ್ಲದೆ.
ಎಸೆಯಲು ಬಿಡುತ್ತಿಲ್ಲ ಇವಳು.
ಒಂದು ಮದುವೆ ಮಾಡಿಸಿದ ಕಡ್ಡಿ, ಇರಲಿ, ಅನ್ನುತ್ತಾಳೆ.