ಸೊನ್ನೆ ಇದ್ದ ಜಾಗ

ಗುರಿಯಾ ಎಂಬ ಆ ಸೀಮೆಯ ಹೆಸರಿನಲ್ಲೇ
ನಮ್ಮ ಕಿವಿಗೆ ಗುರಿ ಕೇಳಿಸುತ್ತದೆ.
ಜಾರ್ಜಿಯಾದವರಿಗೆ ಕೇಳಿಸುತ್ತಿರಲಿಲ್ಲ,
ಅವರಿಗದು ಪ್ರತಿ ತಿಂಗಳೂ ಲಕೋಟೆಯಲ್ಲಿ ಬರುತ್ತಿತ್ತು:
ಇಷ್ಟು ಟನ್ನು ಹಸಿರೆಲೆ, ಇಷ್ಟರೊಳಗೆ.

ಚಹಾ ಕಾರ್ಖಾನೆಯ ಗೇಟಿನ ಪಕ್ಕ
ಆಳೆತ್ತರ ಮೀರಿದ ಪ್ಲೈವುಡ್ ಹಲಗೆ.
ಅದರ ಮೇಲೆ ಕಂಬ ಬರೆಯುವುದು ಒಟಿಯಾನ ಕೆಲಸ.
ಎಂಬತ್ತೈದು ರೂಬಲ್ ಸಂಬಳ,
ತಿಂಗಳಿಗೊಂದು ಡಬ್ಬಿ ಕೆಂಪು, ಅರ್ಧ ಡಬ್ಬಿ ಬಿಳಿ,
ಸೀಮೆಎಣ್ಣೆ ಮಾತ್ರ ಅವನೇ ತರಬೇಕು.
ಅಡ್ಡಗೆರೆಯ ಕೆಳಗೆ ತಂಡಗಳು, ಒಂದರಿಂದ ಏಳು.
ನಿಲುಗೆರೆಯ ಪಕ್ಕ ಟನ್ನು.
ಕಂಬದಗಲ ಒಂದು ಗೇಣು, ನಡುವಿನ ಸಂದು ನಾಲ್ಕು ಬೆರಳು.
ಅಗಲ ಎಲ್ಲರದೂ ಒಂದೇ, ಎತ್ತರ ಅವರವರದು.
ಒಂದು ಕಂಬ ದಪ್ಪಗಾದರೂ ಕಣ್ಣು ಮೋಸಹೋಗುತ್ತದೆ, ಎನ್ನುತ್ತಿದ್ದ,
ದಪ್ಪ ಕೋಟು ಕಂಡು ಊರು ಎದ್ದು ನಿಂತ ಹಾಗೆ.

ಆ ಜೂನಿನಲ್ಲಿ ಏಳೂ ತಂಡಗಳದು
ಹೆಚ್ಚುಕಡಿಮೆ ಒಂದೇ ಲೆಕ್ಕ.
ನಲವತ್ತೆರಡು, ನಲವತ್ತೊಂದು, ನಲವತ್ತೂವರೆ, ನಲವತ್ತೂಕಾಲು...
ಬರೆದು ದೂರ ಸರಿದರೆ
ಫೋಟೊಕ್ಕೆ ನಿಂತ ಒಂದೇ ತಾಯಿಯ ಮಕ್ಕಳು.
ನಿರ್ದೇಶಕ ಸೆವೆರಿಯಾನ್ ಕಣ್ಣು ಕಿರಿದು ಮಾಡಿದ.
"ಇದರಲ್ಲಿ ಗೆದ್ದವರ್‍ಯಾರು, ಸೋತವರ್‍ಯಾರು?
ಜಿಲ್ಲೆಯವರು ಬಂದರೆ ಏನು ತೋರಿಸಲಿ?
ನಲವತ್ತರ ಕೆಳಗಿನದೆಲ್ಲ ತೆಗೆ."

ಒಟಿಯಾ ಬಟ್ಟೆಗೆ ಸೀಮೆಎಣ್ಣೆ ಹಾಕಿ
ಸೊನ್ನೆಯನ್ನು ಒರೆಸಿದ. ಬಹಳ ಹೊತ್ತು ಬೇಕಾಯಿತು,
ಹನ್ನೊಂದು ವರ್ಷದ ಸೊನ್ನೆ ಅದು.
ಅದರ ಜಾಗದಲ್ಲಿ ನಲವತ್ತು ಎಂದು ಬರೆದ.
ಟನ್ನಿಗೆ ಎರಡು ಮೊಳ.
ಬೆಳಗಾಗುವಾಗ ಎರಡನೆಯ ತಂಡ ನಾಲ್ಕು ಮೊಳದ ಗೋಪುರ.
ಐದನೆಯ ತಂಡ ಒಂದು ಗೇಣು.
ಗೇಣುದ್ದ, ಗೇಣಗಲ:
ಕಂಬವೂ ಅಲ್ಲ, ಕೆಂಪು ತೇಪೆ.

ಲಾರಿಯಿಂದಿಳಿದ ಹೆಂಗಸರು ನಕ್ಕರು.
ಐದನೆಯ ತಂಡದ ಮಾಕ್ವಾಲಾ ನಗಲಿಲ್ಲ.
ಎಲೆಯ ಸೊನೆಗೆ ಕಪ್ಪಾದ ಅಂಗೈಯನ್ನು
ಆ ತೇಪೆಯ ಮೇಲಿಟ್ಟಳು. ಬಹುಪಾಲು ಮುಚ್ಚಿಹೋಯಿತು.
"ನಲವತ್ತು ಟನ್ನು ಬೆನ್ನಮೇಲೆ ಹೊತ್ತು ತಂದಿದ್ದೇವೆ.
ಅದೆಲ್ಲಿ?"
"ಕೆಳಗಿದೆ."
"ಎಲ್ಲಿ ಕೆಳಗೆ?"
ಒಟಿಯಾ ಹಲಗೆಯ ಬುಡ ತೋರಿಸಿದ.
ಅವಳು ನಿಜಕ್ಕೂ ಬಗ್ಗಿ ನೋಡಿದಳು:
ತುರಿಕೆಸೊಪ್ಪು, ಬೀಡಿಯಂಥ ಅಗ್ಗದ ಸಿಗರೇಟಿನ ತುಂಡುಗಳು,
ಯಾರದೋ ಒಂದು ಗುಂಡಿ.
"ಇಲ್ಲಿಲ್ಲ," ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಬೈದಿದ್ದರೆ ಮರೆಯುತ್ತಿದ್ದ.

ಶನಿವಾರ ರಾತ್ರಿ ಒಟಿಯಾ ದಾರ ತಂದ.
ಟನ್ನಿಗೆರಡು ಮೊಳದಂತೆ ನಲವತ್ತು ಟನ್ನಿಗೆ
ಎಂಬತ್ತು ಮೊಳ. ಹಲಗೆಯ ಬುಡದಿಂದ
ತೋಟದ ಕಡೆಗೆ ಇಳಿಯುವ ರಸ್ತೆಯುದ್ದ ಅಳೆದ.
ಕೆಂಪು ಸಾಲದು, ಸುಣ್ಣ ಕಲಸಿದ.
ಒಂದು ಗೇಣು ಅಗಲ, ಬೆರಳಷ್ಟೂ ಹೆಚ್ಚಿಲ್ಲದೆ,
ಮಂಡಿಯೂರಿ ಬಳಿಯುತ್ತಾ ಹಿಂದೆ ಹಿಂದೆ ಹೋದ.
ತೂಕದ ಮನೆ ದಾಟುವಾಗ ನಾಯಿ ಬೊಗಳಿತು.
ಅರವತ್ತಮೂರನೆಯ ಮೊಳಕ್ಕೆ ಸುಣ್ಣ ಮುಗಿಯಿತು.
ಉಳಿದ ಹದಿನೇಳು ಮೊಳ ಬರಿಗೈಯಲ್ಲಿ ನಡೆದು
ದಾರ ಮುಗಿದಲ್ಲಿ ಒಂದು ಕಲ್ಲಿಟ್ಟ.
ಅದು ಸೊನ್ನೆ.

ಸೋಮವಾರ ಜಿಲ್ಲೆಯವರ ಕಾರು
ಅದರ ಮೇಲೇ ಹತ್ತಿ ಬಂತು. ಇದೇನು ಗೆರೆ, ಎಂದರು.
ಕಾವಲುಗಾರ ಪಾವ್ಲೆ, "ನಿಮಗೆ ದಾರಿ ತೋರಿಸಲು," ಎಂದ.
ಮೆಚ್ಚಿಕೊಂಡರು. ಎರಡನೆಯ ತಂಡಕ್ಕೆ ಬಾವುಟ ಕೊಟ್ಟರು.

ಮಾಕ್ವಾಲಾಗೆ ಯಾರೂ ಹೇಳಿರಲಿಲ್ಲ.
ಆದರೂ ಆ ಬೇಸಗೆಯೆಲ್ಲ, ಬುಟ್ಟಿ ತುಂಬಿ ಬರುವಾಗ,
ರಸ್ತೆ ಅಷ್ಟಗಲವಿದ್ದರೂ
ಗೇಣಗಲದ ಆ ಬಿಳಿಯ ಮೇಲೇ ಹೆಜ್ಜೆಯಿಟ್ಟು ಏರಿ ಬರುತ್ತಿದ್ದಳು.

ಈಗ ಕಾರ್ಖಾನೆಗೆ ಮಾಡಿಲ್ಲ.
ಹಲಗೆ ಪಾವ್ಲೆಯ ಮೊಮ್ಮಗನ ಕೋಳಿಗೂಡಿಗೆ ಬಾಗಿಲು,
ಅಡ್ಡಡ್ಡ ಹೊಡೆದದ್ದು. ಗೋಪುರಗಳೆಲ್ಲ ಮಲಗಿವೆ.
ಹುಂಜವೊಂದು ಐದನೆಯ ತಂಡವನ್ನು
ಕಾಳೆಂದು ತಿಳಿದು ಆಗಾಗ ಕುಕ್ಕುತ್ತದೆ.
ಕಲ್ಲನ್ನು ಯಾರೂ ಕದಲಿಸಿಲ್ಲ.