ಕೈ ತೊಳೆದು ಬನ್ನಿ

ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಇಷ್ಟೇ:
ಪೆನ್ನು ಬೇಡ, ಪೆನ್ಸಿಲ್ ಸಾಕು,
ಕೋಟು ಹೊರಗೆ, ಕೈ ತೊಳೆದು ಬನ್ನಿ.

ತೊಳೆದೆ.
ಇಪ್ಪತ್ತೆಂಟು ವರ್ಷ ಗ್ಲಾಸ್ಗೋ ಬಸ್ಸಿನ ಸ್ಟಿಯರಿಂಗು ತಿರುವಿದ ಕೈ
ಎಷ್ಟು ತೊಳೆದರೂ ತೊಳೆದಂತೆ ಕಾಣುವುದಿಲ್ಲ.
ಉಗುರ ಸಂದಿಯಲ್ಲಿ ಈಗ ಅಚ್ಚಿನ ಮಸಿ ಬೇರೆ,
ಕಲಾಶಾಲೆಯ ಸಂಜೆ ತರಗತಿಯದು.

ಗವಸು ಕೊಡಿ, ಎಂದೆ.
ಐಲ್ಸಾ ಮಕ್ಲಿಂಟಕ್ ಕನ್ನಡಕದ ಮೇಲಿಂದ ನೋಡಿದಳು:
ಗವಸು ತೊಟ್ಟ ಬೆರಳು ಕುರುಡು, ಸ್ಟ್ರೂಅನ್,
ಹಾಳೆ ಹರಿಯುವುದೇ ಅದರಿಂದ.
ಬರಿಗೈ ಸಾಕು, ಒಣಗಿದ್ದರೆ.

ಪ್ಯಾಂಟಿಗೆ ಇನ್ನೊಮ್ಮೆ ಒರೆಸಿಕೊಂಡೆ.

ಬಿಸಿ ಪಾತ್ರೆ ಹೊತ್ತವಳ ಹಾಗೆ
ಮೈಯಿಂದ ತುಸು ದೂರ ಹಿಡಿದು ತಂದು
ಸ್ಪಂಜಿನ ಇಳಿಜಾರಿನ ಮೇಲೆ ಮಲಗಿಸಿದಳು.
ಸೀಸದ ಗುಂಡು ತುಂಬಿದ ಬಟ್ಟೆಯ ಹಾವು ಎರಡು,
ಎಡಪುಟಕ್ಕೊಂದು, ಬಲಪುಟಕ್ಕೊಂದು.
ಲೆವನ್ ಹೊಳೆಯ ದಂಡೆಯ ಬಣ್ಣದ ಗಿರಣಿ,
ಅದರ ಮಾದರಿ ಪುಸ್ತಕ.
ಹದಿನೆಂಟುನೂರ ಎಪ್ಪತ್ತರದಿರಬೇಕು, ಎಂದಳು.
ಬೇಕು ಎಂಬುದನ್ನು ಒತ್ತಿ.

ತೆರೆದೆ.
ಕೆಂಪು.
ಕೆಂಪೆಂದರೆ ನನಗೆ ಗೊತ್ತಿದ್ದದ್ದು ಚೌಕದ ದೀಪ,
ನಿಲ್ಲಿಸುತ್ತದೆ. ಇದೂ ನಿಲ್ಲಿಸಿತು,
ಹಸಿರು ಬರಲೇ ಇಲ್ಲ.

ಮಂಜಿಷ್ಠದ ಬೇರು, ಕಮಟಿದ ಎಣ್ಣೆ, ಕುರಿ ಹಿಕ್ಕೆ,
ಮೊದಮೊದಲು ಹೀಗೆಲ್ಲ ಅದ್ದಿ ಅದ್ದಿ ಒಣಗಿಸುತ್ತಿದ್ದರಂತೆ.
ಐಲ್ಸಾ ಉಪ್ಪಿನಕಾಯಿ ಹಾಕುವುದನ್ನು ಹೇಳಿದಂತೆ ಹೇಳಿದಳು.
ಒಗೆತಕ್ಕೆ ಬಿಡದ, ಬಿಸಿಲಿಗೆ ಬಗ್ಗದ ಬಣ್ಣ.
ಪ್ರತಿ ತುಂಡಿನ ಕೆಳಗೆ ಒಂದು ಅಂಕಿ, ಒಂದು ಊರು:
ಬೊಂಬಾಯಿ. ಬೊಂಬಾಯಿ. ರಂಗೂನು. ಬೊಂಬಾಯಿ.
ಬಸ್ಸಿನ ನೆತ್ತಿಯ ಬೋರ್ಡಿನ ಹಾಗೆ.
ಬರೆದವನು ಹೋಗಿರಬೇಕೆಂದೇನಿಲ್ಲ.

ಮೂವತ್ತೊಂದನೆಯ ಪುಟದಲ್ಲಿ ತೂತು.
ಬೆಂಕಿಪೊಟ್ಟಣದಷ್ಟು ಚೌಕ,
ಯಾರೋ ಬ್ಲೇಡಿನಿಂದ ಕೊಯ್ದು ಒಯ್ದಿದ್ದಾರೆ.
ಓದುಗರು, ಎಂದಳು ಐಲ್ಸಾ,
ಆ ಪದ ಬೈಗುಳವೆಂಬಂತೆ.

ಎದುರು ಪುಟದಲ್ಲಿ ಎಣ್ಣೆ ಇಳಿದು ನೆರಳು ಉಳಿದಿತ್ತು,
ಕರಿದ ಮೀನು ಕಟ್ಟಿದ ಕಾಗದದ ಮೇಲಿನಂತೆ.
ಕೆಂಪಿದ್ದಲ್ಲಿ ಕಂದು, ಬಿಳಿಯಿದ್ದಲ್ಲಿ ಬರೀ ಹಾಳೆ.
ಭೂತಗನ್ನಡಿ ಹಿಡಿದು ಬಗ್ಗಿದೆ.
ನವಿಲು.
ತುರಾಯಿ ಇದೆ. ಗರಿಗಳ ಕಣ್ಣು ಎಣಿಸಿದೆ, ಹದಿನೇಳು.
ಕೆಳಕ್ಕೆ ಇಳಿದೆ,
ನಕ್ಕುಬಿಟ್ಟೆ,
ಪುಟ ತಿರುವಿದರೂ ತಲೆಯೆತ್ತಿ ನೋಡುವ ಆ ಕೋಣೆಯಲ್ಲಿ
ಹಾರ್ನ್ ಹೊಡೆದ ಹಾಗೆ.

ಕಾಲು ನವಿಲಿನದಲ್ಲ.
ಬೆರಳ ನಡುವೆ ಪೊರೆಯಿದೆ.
ಕಡಲಕಾಗೆಯ ಕಾಲು!
ಬಿದ್ದ ಚಿಪ್ಸಿಗಾಗಿ ನನ್ನ ಬಸ್ಸಿನೆದುರು
ಚಪ್ಪಟೆ ಹೆಜ್ಜೆಯಿಡುತ್ತ, ಜಪ್ಪಯ್ಯ ಅಂದರೂ ಜಗ್ಗದ
ಅದೇ ಕಾಲು.
ಪುಸ್ತಕದ ಬಗ್ಗೆ ನನಗೇನೂ ಗೊತ್ತಿಲ್ಲ.
ಇದು ಗೊತ್ತು.

ಅಚ್ಚು ಕೊರೆದವನೇ,
ನವಿಲು ಕಾಣದೆ ನವಿಲಿಗೆ ಉಳಿ ಹಿಡಿದವನೇ,
ಯಾರೋ ಬರೆದುಕೊಟ್ಟ ನಕ್ಷೆ
ಪಾದಕ್ಕೆ ಬರುವಷ್ಟರಲ್ಲಿ ಹರಿದಿತ್ತೇ?
ಕಿಟಕಿಯಾಚೆ ನೋಡಿದೆಯಾ?
ಗಿರಣಿಯ ಸೂರಿನ ಮೇಲೆ ನೆನೆಯುತ್ತ
ಇದು ನಿಂತಿತ್ತೇ?
ಬೊಂಬಾಯಿಯಲ್ಲಿ ಇದನ್ನು ಉಟ್ಟ ಹೆಂಗಸು
ಅಂಚು ಮಡಿಸಿ ಹೊಲಿಯುವಾಗ
ಕಾಲು ನೋಡಿ ಗಂಡನನ್ನು ಕರೆದಳೇ?
ನವಿಲಿಗೆ ತನ್ನ ಕಾಲೆಂದರೆ ನಾಚಿಕೆ
ಅನ್ನುತ್ತಾರಂತೆ ಆ ಕಡೆ.
ಇದು ಸಾಲದ ಕಾಲು, ನಾಚಬೇಕಾದ್ದಿಲ್ಲ.

ಐಲ್ಸಾಗೆ ತೋರಿಸಿದೆ.
ಬಹಳ ಹೊತ್ತು ಮಾತಿಲ್ಲ.
ಆಮೇಲೆ ಡ್ರಾಯರಿನಿಂದ ಕಾರ್ಡು ತೆಗೆದು,
ಪುಟ ೩೧, ತುಂಡು ಕಾಣೆ, ಎಂಬ ಹಳೆಯ ಅಕ್ಷರದ ಮುಂದೆ
ಪೆನ್ಸಿಲಿನಲ್ಲಿ ಬರೆದಳು:
ನೆರಳು ಇದೆ. ಕಾಲು ನೋಡಿ.

ಐದಕ್ಕೆ ಮುಚ್ಚುತ್ತಾರೆ.
ಅಷ್ಟರಲ್ಲಿ ಆ ಪಾದವನ್ನು ಮೂರು ಸಲ ಬರೆದೆ,
ಮೂರನೆಯದು ಬಾತುಕೋಳಿಯದಾಯಿತು.
ಹಾವುಗಳನ್ನು ಅವಳು ಎತ್ತಿಟ್ಟಳು.
ಗುರುವಾರ ಮತ್ತೆ ಇದೇ ಪುಸ್ತಕ ಬೇಕೆಂದು
ಚೀಟಿ ತುಂಬಿಕೊಟ್ಟೆ.
ಉದ್ದೇಶ, ಎಂಬಲ್ಲಿ ಏನು ಬರೆಯಲೆಂದು ಕೇಳಿದರೆ
ಖಾಲಿ ಬಿಡಿ, ಅಂದಳು.